ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಮಿಷನ್‌ಗಳ ಚರಿತ್ರೆ: ಯಾವುದನ್ನು ಮೊದಲು ಓದಬೇಕು, ಯಾವುದನ್ನು ಎಚ್ಚರದಿಂದ ಓದಬೇಕು?

ಪಡುವಣಗಾಳಿ:

ಫ್ರೀಮಾಂಟ್, ಸ್ಯಾನ್ ಹೊಸೆ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳು ನಾಲ್ಕನೇ ತರಗತಿಗೆ ಬಂದ ವರ್ಷ ಮಿಷನ್‌ಗಳ ಪಾಠ ಬರುತ್ತದೆ. ಮಿಷನ್ ಎಂದರೆ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಲು ಸ್ಪೇನಿನ ಪಾದ್ರಿಗಳು ಕಟ್ಟಿದ ನೆಲೆ. ಮಕ್ಕಳ ಪುಸ್ತಕಗಳಲ್ಲಿ ಸುಣ್ಣ ಬಳಿದ ಗೋಡೆ, ಗಂಟೆಗೋಪುರ, ಹೂದೋಟ, ಒಳ್ಳೆಯ ಪಾದ್ರಿ ಇವಿಷ್ಟೇ ಇರುತ್ತವೆ. ಆ ನೆಲದ ಮೂಲ ಜನ ಬುಟ್ಟಿ ಹೆಣೆಯುವ ಒಂದು ಚಿತ್ರದಲ್ಲಿ ಮುಗಿದುಹೋಗುತ್ತಾರೆ. ದೊಡ್ಡವರು ಓದಿಕೊಂಡು ಮಕ್ಕಳಿಗೆ ಇದ್ದದ್ದನ್ನು ಇದ್ದಂತೆ ಹೇಳಲು ಆಗುವಂಥ ಪುಸ್ತಕಗಳು ಬೇಕು. 1769ರ ಸ್ಯಾನ್ ಡಿಯೆಗೊದಿಂದ 1823ರ ಸೊನೋಮಾವರೆಗಿನ 21 ಮಿಷನ್‌ಗಳ ಬಗ್ಗೆಯೇ ಮುಖ್ಯವಾಗಿ ಕೇಳುತ್ತಿದ್ದೇನೆ. ಯಾವುದರಿಂದ ಶುರು ಮಾಡಬೇಕು? ಮೂಲ ದಾಖಲೆಗಳನ್ನೇ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ನ್ಯೂ ಮೆಕ್ಸಿಕೊ, ಟೆಕ್ಸಾಸ್, ಪರಗ್ವೆ ಬಗ್ಗೆಯೂ ಒಂದೊಂದು ಹೆಸರು ಸಿಕ್ಕರೆ ಉಪಕಾರ.

ಕಡತಕಾರ:

ಮೊದಲ ಪುಸ್ತಕವಾಗಿ ಸ್ಟೀವನ್ ಹ್ಯಾಕೆಲ್ ಅವರ ‘ಚಿಲ್ಡ್ರನ್ ಆಫ್ ಕಯೋಟಿ, ಮಿಷನರೀಸ್ ಆಫ್ ಸೇಂಟ್ ಫ್ರಾನ್ಸಿಸ್’ (2005) ಹಿಡಿಯಿರಿ. ದಪ್ಪ ಪುಸ್ತಕ, ಆದರೆ ಒಂದೇ ಜಾಗವನ್ನು ಬಿಡದೆ ಹಿಡಿದು ಕೂರುತ್ತದೆ: ಮಾಂಟೆರೆ ಪಕ್ಕದ ಸ್ಯಾನ್ ಕಾರ್ಲೋಸ್ ಮಿಷನ್. ಅಲ್ಲಿನ ಜನ ತಮ್ಮ ಹಳ್ಳಿ ಬಿಟ್ಟು ಮಿಷನ್ನಿಗೆ ಯಾಕೆ ಬಂದರು ಅನ್ನುವ ಪ್ರಶ್ನೆಗೆ ‘ಭಕ್ತಿಯಿಂದ’ ಎಂದೋ ‘ಬಂದೂಕಿನ ಭಯದಿಂದ’ ಎಂದೋ ಒಂದೇ ಮಾತಿನ ಉತ್ತರ ಅವರು ಕೊಡುವುದಿಲ್ಲ. ಎರಡು ಬದಲಾವಣೆ ಜೊತೆಜೊತೆಗೇ ನಡೆದವು ಎಂದು ತೋರಿಸುತ್ತಾರೆ. ಒಂದು ಕಡೆ ಹೊಸ ರೋಗಗಳಿಂದ ಹಳ್ಳಿಗಳಲ್ಲಿ ಜನ ಸತ್ತು ಕೈಗಳು ಕಡಿಮೆಯಾದವು. ಇನ್ನೊಂದು ಕಡೆ ಮಿಷನ್ನಿನ ದನ, ಕುದುರೆ, ಕುರಿ ಮೇದು ಮೇದು, ಆ ಜನ ಕಾಳಿಗಾಗಿ ನಂಬಿದ್ದ ಕಾಡುಹುಲ್ಲುಗಳೇ ಇಲ್ಲವಾದವು. ಹುಲ್ಲು ಚೆನ್ನಾಗಿ ಮರಳಲಿ ಎಂದು ಅವರು ಹಾಕುತ್ತಿದ್ದ ಬೆಂಕಿಯನ್ನೂ ಸರ್ಕಾರ ನಿಷೇಧಿಸಿತು. ಊಟದ ದಾರಿ ಮುಚ್ಚಿದ ಮೇಲೆ ಮಿಷನ್ನಿನ ಗಂಜಿಯ ಕಡೆ ತಿರುಗಿದರು. ಇದನ್ನು ಮೊದಲು ಅರ್ಥ ಮಾಡಿಕೊಂಡರೆ ಮುಂದೆ ಓದುವ ಪ್ರತಿ ಪುಸ್ತಕವೂ ಬೇರೆಯಾಗಿ ಕಾಣುತ್ತದೆ.

ಅದರ ಜೊತೆಯಲ್ಲೇ ಪಕ್ಕಕ್ಕಿಟ್ಟುಕೊಳ್ಳಬೇಕಾದದ್ದು ರೋಸ್ ಮೇರಿ ಬೀಬಿ ಮತ್ತು ರಾಬರ್ಟ್ ಸೆಂಕೆವಿಕ್ಸ್ ಸಂಪಾದಿಸಿದ ‘ಲ್ಯಾಂಡ್ಸ್ ಆಫ್ ಪ್ರಾಮಿಸ್ ಅಂಡ್ ಡಿಸ್ಪೇರ್’ (2001). 1535ರಿಂದ 1846ರವರೆಗಿನ ಪತ್ರ, ದಿನಚರಿ, ವಿಚಾರಣೆಯ ಹೇಳಿಕೆಗಳ ಇಂಗ್ಲಿಷ್ ಅನುವಾದ ಅದರಲ್ಲಿದೆ. ಹ್ಯಾಕೆಲ್ ಅವರ ಒಂದು ಅಧ್ಯಾಯ ಓದಿ, ಅದೇ ಕಾಲದ ದಾಖಲೆಯನ್ನು ಇದರಲ್ಲಿ ತೆಗೆದು ನೋಡಿ. ಇತಿಹಾಸಕಾರರು ಎಲ್ಲಿ ದಾಖಲೆ ಹೇಳಿದ್ದನ್ನು ಹೇಳುತ್ತಿದ್ದಾರೆ, ಎಲ್ಲಿ ತಮ್ಮ ಊಹೆ ಸೇರಿಸುತ್ತಿದ್ದಾರೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಇನ್ನು ಹಳೆಯ ಎರಡು ಹೆಸರು ಎಲ್ಲ ಕಡೆ ಎದುರಾಗುತ್ತವೆ, ಯಾಕೆಂದರೆ ಅವು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹ್ಯೂಬರ್ಟ್ ಹೋವ್ ಬ್ಯಾಂಕ್ರಾಫ್ಟ್ ಅವರ ‘ಹಿಸ್ಟರಿ ಆಫ್ ಕ್ಯಾಲಿಫೋರ್ನಿಯಾ’, ಏಳು ಸಂಪುಟ, 1884ರಿಂದ 1890. ಝೆಫರಿನ್ ಎಂಗಲ್‌ಹಾರ್ಟ್ ಅವರ ‘ಮಿಷನ್ಸ್ ಅಂಡ್ ಮಿಷನರೀಸ್ ಆಫ್ ಕ್ಯಾಲಿಫೋರ್ನಿಯಾ’, ನಾಲ್ಕು ಸಂಪುಟ, 1908ರಿಂದ 1915. ಎಂಗಲ್‌ಹಾರ್ಟ್ ಸ್ವತಃ ಫ್ರಾನ್ಸಿಸ್ಕನ್ ಪಾದ್ರಿ. ತಮ್ಮ ಸಂಘದ ಪರವಾಗಿ ವಕೀಲಿಕೆ ಮಾಡುತ್ತಾರೆ, ಬ್ಯಾಂಕ್ರಾಫ್ಟ್ ಜೊತೆ ಪುಟಪುಟಕ್ಕೂ ಜಗಳವಾಡುತ್ತಾರೆ. ಇಬ್ಬರನ್ನೂ ಶುರುವಿಗೆ ಓದಬೇಡಿ, ಆದರೆ ಎಸೆಯಲೂ ಬೇಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಸ್ಪ್ಯಾನಿಷ್ ಸರ್ಕಾರಿ ಕಡತಗಳ ಮೂಲಪ್ರತಿಗಳು 1906ರ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋದವು. ಬ್ಯಾಂಕ್ರಾಫ್ಟ್ ಅದಕ್ಕೂ ಮುಂಚೆ ಗುಮಾಸ್ತರನ್ನು ಕೂರಿಸಿ ಅವುಗಳ ನಕಲು, ಸಾರಾಂಶ ಬರೆಸಿದ್ದರು; ಅವು ಈಗ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿವೆ. ಹಾಗಾಗಿ ಅವರ ಕೆಲವು ಅಡಿಟಿಪ್ಪಣಿಗಳ ಹಿಂದಿದ್ದ ಮೂಲ ಕಾಗದವೇ ಇವತ್ತು ಇಲ್ಲ. ಅಡಿಟಿಪ್ಪಣಿಗಾಗಿ ಬ್ಯಾಂಕ್ರಾಫ್ಟ್ ನೋಡಿ, ತೀರ್ಪಿಗಾಗಿ ನೋಡಬೇಡಿ.

ಗಡಿಸೀಮೆ:

ಕಡತಕಾರ ಅವರ ಮಾತಿಗೆ ಒಂದು ತಿದ್ದುಪಡಿ. ನೇರ ಮಾಂಟೆರೆಗೆ ಹೋಗಿಬಿಟ್ಟರೆ ಸ್ಪೇನಿನ ರಾಜ ಅಲ್ಲಿಗೆ ಯಾಕೆ ಬಂದ ಎಂಬುದೇ ತಿಳಿಯುವುದಿಲ್ಲ. ಮೊದಲು ಡೇವಿಡ್ ವೆಬರ್ ಅವರ ‘ದಿ ಸ್ಪ್ಯಾನಿಷ್ ಫ್ರಾಂಟಿಯರ್ ಇನ್ ನಾರ್ತ್ ಅಮೆರಿಕ’ (1992) ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ಫ್ಲಾರಿಡಾದಿಂದ ಕ್ಯಾಲಿಫೋರ್ನಿಯಾವರೆಗೆ ಇಡೀ ಗಡಿ ಒಂದೇ ಚಿತ್ರದಲ್ಲಿ ಸಿಗುತ್ತದೆ. ಪೂರ್ತಿ ಆವೃತ್ತಿ ಭಾರವೆನಿಸಿದರೆ ಸಂಕ್ಷಿಪ್ತ ಆವೃತ್ತಿಯೂ ಇದೆ.

ಅದಕ್ಕೂ ಹಿಂದೆ ಹರ್ಬರ್ಟ್ ಬೋಲ್ಟನ್ 1917ರಲ್ಲಿ ಬರೆದ ಒಂದು ಲೇಖನವಿದೆ, ಮಿಷನ್ನನ್ನು ಗಡಿನಾಡಿನ ಒಂದು ಸಂಸ್ಥೆಯಾಗಿ ನೋಡಿದ್ದು. ಇಪ್ಪತ್ತು ಪುಟದ ಆಸುಪಾಸು, ಒಂದು ಸಂಜೆಗೆ ಮುಗಿಯುತ್ತದೆ. ಗಡಿಯಲ್ಲಿ ನೆಲೆಸಲು ವಲಸಿಗರು ಸಿಗದಿದ್ದಾಗ ಸ್ಪೇನ್ ಅಲ್ಲಿನ ಜನರನ್ನೇ ಪ್ರಜೆಗಳನ್ನಾಗಿ ಮಾಡಹೊರಟಿತು, ಪಾದ್ರಿ ರಾಜನ ಖರ್ಚಿನಲ್ಲಿ ರಾಜನ ಕೆಲಸವನ್ನೂ ಮಾಡುತ್ತಿದ್ದ ಎಂಬುದನ್ನು ಬೋಲ್ಟನ್ ಸ್ಪಷ್ಟವಾಗಿ ಇಟ್ಟರು. ಅವರ ಕೊರತೆ ಏನೆಂದರೆ ಮಿಷನ್ನಿನ ಒಳಗೆ ಇದ್ದವರ ದೃಷ್ಟಿ ಅಲ್ಲಿ ಇಲ್ಲವೇ ಇಲ್ಲ. ಅವರ ನಂತರದ ನೂರು ವರ್ಷದ ಬರವಣಿಗೆಯ ಬಹುಪಾಲು ಆ ಕೊರತೆಗೆ ಕೊಟ್ಟ ಉತ್ತರವೇ. ಅದಕ್ಕಾಗಿಯೇ ಆ ಲೇಖನವನ್ನು ಓದಿರಬೇಕು.

ಕಡತಕಾರ:

ಒಪ್ಪಿದೆ. ಹಾಗಾದರೆ ಬೋಲ್ಟನ್ ಲೇಖನ, ವೆಬರ್ ಪುಸ್ತಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬೇಕಾದ ಅಧ್ಯಾಯಗಳು, ಆಮೇಲೆ ಹ್ಯಾಕೆಲ್. ಫ್ರೀಮಾಂಟ್‌ನವರಿಗೆ ಇನ್ನೊಂದು ಪುಸ್ತಕ ಬಹಳ ಹತ್ತಿರದ್ದು: ರ‍್ಯಾಂಡಲ್ ಮಿಲಿಕೆನ್ ಅವರ ‘ಎ ಟೈಮ್ ಆಫ್ ಲಿಟಲ್ ಚಾಯ್ಸ್’ (1995). ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಪುಟ್ಟ ಪುಟ್ಟ ಬುಡಕಟ್ಟುಗಳು 1769ರಿಂದ 1810ರ ನಡುವೆ ಒಂದೊಂದಾಗಿ ಹೇಗೆ ಖಾಲಿಯಾದವು ಎಂಬುದನ್ನು ದೀಕ್ಷಾಸ್ನಾನದ ದಾಖಲೆಗಳಿಂದ ವರ್ಷವಾರು ಹಿಡಿದಿದ್ದಾರೆ. ಕೊನೆಯಲ್ಲಿ ಬುಡಕಟ್ಟುಗಳ ಹೆಸರಿನ ಅಕಾರಾದಿ ಭಾಗವಿದೆ. ಯಾವ ಗುಂಪು ಇವತ್ತಿನ ಯಾವ ಊರಿನ ಜಾಗದಲ್ಲಿತ್ತು, ಯಾವ ಮಿಷನ್ನಿಗೆ ಹೋಯಿತು ಎಂಬುದು ಅದರಲ್ಲಿ ಸಿಗುತ್ತದೆ. ಪುಸ್ತಕ ಕೈಗೆ ಸಿಗುವುದು ಕಷ್ಟ. ಅವರೇ ಇನ್ನಿಬ್ಬರ ಜೊತೆ 2009ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಬರೆದುಕೊಟ್ಟ, ಸ್ಯಾನ್ ಫ್ರಾನ್ಸಿಸ್ಕೋ ಪರ್ಯಾಯದ್ವೀಪದ ಒಹ್ಲೋನಿ ಜನರ ವರದಿ ಪುಕ್ಕಟೆಯಾಗಿ ಸಿಗುತ್ತದೆ. ಮೊದಲು ಅದನ್ನು ಇಳಿಸಿಕೊಳ್ಳಿ.

ನೆಲಬಗೆತ:

ಪುಸ್ತಕ ಓದುವ ಮುಂಚೆ ಜನ ಮಿಷನ್ ನೋಡಲು ಹೋಗುತ್ತಾರೆ, ಕಣ್ಣಿಗೆ ಕಂಡದ್ದೇ 1800ರ ಮಿಷನ್ ಎಂದು ನಂಬಿಬಿಡುತ್ತಾರೆ. ಅದು ದಾರಿ ತಪ್ಪಿಸುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಫ್ರೀಮಾಂಟ್‌ನ ಮಿಷನ್ ಸ್ಯಾನ್ ಹೊಸೆಯನ್ನೇ ತೆಗೆದುಕೊಳ್ಳಿ. ಸ್ಥಾಪನೆ 1797. ಹಸಿ ಇಟ್ಟಿಗೆಯ ದೊಡ್ಡ ಚರ್ಚ್ 1809ರದು. ಅದು 1868ರ ಹೇವರ್ಡ್ ಭೂಕಂಪದಲ್ಲಿ ಬಿತ್ತು. ಈಗ ಕಾಣುವುದು 1985ರಲ್ಲಿ ಮುಗಿದ ಪ್ರತಿಕೃತಿ. ಸಾಂತಾ ಕ್ರೂಸ್‌ನಲ್ಲಿರುವುದು 1930ರ ದಶಕದ ಆರಂಭದ ಅರ್ಧ ಅಳತೆಯ ನಕಲು. ಲಾ ಪುರಿಸಿಮಾ ಅವಶೇಷವಾಗಿತ್ತು, 1930ರ ದಶಕದಲ್ಲಿ ಸರ್ಕಾರದ ನಿರುದ್ಯೋಗ ಪರಿಹಾರ ಯೋಜನೆಯ ಹುಡುಗರು ಮತ್ತೆ ಕಟ್ಟಿದರು. ಸ್ಯಾನ್ ಹ್ವಾನ್ ಕಪಿಸ್ಟ್ರಾನೋದ ಕಲ್ಲಿನ ಚರ್ಚ್ 1812ರ ಡಿಸೆಂಬರ್ 8ರ ಭೂಕಂಪದಲ್ಲಿ ಪೂಜೆಯ ಹೊತ್ತಿಗೇ ಕುಸಿಯಿತು, ಅದನ್ನು ಮತ್ತೆ ಕಟ್ಟಲಿಲ್ಲ. ಹೂದೋಟ, ಕಾರಂಜಿ ಬಹುತೇಕ ಆಮೇಲಿನವು. ಮಿಷನ್ ನಡೆಯುತ್ತಿದ್ದಾಗ ಆ ಅಂಗಳ ದುಡಿಮೆಯ ಜಾಗ: ಚರ್ಮ ಹದ ಮಾಡುವುದು, ಕೊಬ್ಬು ಕಾಯಿಸುವುದು, ನೂಲು, ಮಗ್ಗ. ತೋಟಗಳು ಯಾವಾಗ ಯಾಕೆ ಬಂದವು ಎಂಬುದಕ್ಕೆ ಎಲಿಜಬೆತ್ ಕ್ರೈಡರ್-ರೀಡ್ ಅವರ ‘ಕ್ಯಾಲಿಫೋರ್ನಿಯಾ ಮಿಷನ್ ಲ್ಯಾಂಡ್‌ಸ್ಕೇಪ್ಸ್’ (2016) ಓದಿ. ಹೆದ್ದಾರಿ ಬದಿಯ ಗಂಟೆಕಂಬಗಳೂ 1906ರಿಂದ ನೆಟ್ಟವು, ಮೋಟಾರು ಪ್ರವಾಸಿಗರಿಗಾಗಿ.

ಪುರಾತತ್ವದ ಕಡೆಯಿಂದ ಒಂದೇ ಪುಸ್ತಕ ಹೇಳು ಎಂದರೆ ಕೆಂಟ್ ಲೈಟ್‌ಫುಟ್ ಅವರ ‘ಇಂಡಿಯನ್ಸ್, ಮಿಷನರೀಸ್ ಅಂಡ್ ಮರ್ಚೆಂಟ್ಸ್’ (2005). ಒಂದೇ ಕರಾವಳಿಯಲ್ಲಿ ಸ್ಪೇನಿನ ಮಿಷನ್ ಮತ್ತು ರಷ್ಯನ್ನರು 1812ರಲ್ಲಿ ಕಟ್ಟಿದ ಫೋರ್ಟ್ ರಾಸ್ ಎರಡನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಪಾದ್ರಿಗೆ ಆ ಜನರ ಆತ್ಮ, ಬದುಕು ಎರಡೂ ಬದಲಾಗಬೇಕಿತ್ತು. ರಷ್ಯನ್ ವ್ಯಾಪಾರಿಗೆ ಕೂಲಿ ಸಾಕಿತ್ತು. ಎರಡರ ಪರಿಣಾಮ ಕಸದ ಗುಂಡಿಯಲ್ಲಿ ಸಿಗುವ ಮೂಳೆ, ಚಿಪ್ಪು, ಮಣಿಗಳಲ್ಲಿ ಕೂಡ ಬೇರೆಬೇರೆಯಾಗಿ ಕಾಣುತ್ತದೆ. ಇತ್ತೀಚಿನವರಲ್ಲಿ ಲೀ ಪ್ಯಾನಿಕ್ ಅವರ ‘ನರೇಟಿವ್ಸ್ ಆಫ್ ಪರ್ಸಿಸ್ಟೆನ್ಸ್’ (2020), ಸಿಮ್ ಶ್ನೈಡರ್ ಅವರ ‘ದಿ ಆರ್ಕಿಯಾಲಜಿ ಆಫ್ ರೆಫ್ಯೂಜ್ ಅಂಡ್ ರಿಕೋರ್ಸ್’ (2021). ಮಿಷನ್ನಿನ ಗೋಡೆಯ ಹೊರಗೆ, ಹಳೆಯ ಹಳ್ಳಿಗಳಲ್ಲಿ, ಕೊಲ್ಲಿಯಂಚಿನ ಚಿಪ್ಪಿನ ದಿಬ್ಬಗಳಲ್ಲಿ ಜನ ಮತ್ತೆ ಮತ್ತೆ ಬಂದುಹೋಗುತ್ತಿದ್ದರು ಎಂದು ಶ್ನೈಡರ್ ತೋರಿಸುತ್ತಾರೆ. ರಿಜಿಸ್ಟರ್ ಮಾತ್ರ ಓದಿದರೆ ಮಿಷನ್ನಿಗೆ ಒಳಬಾಗಿಲು ಮಾತ್ರ ಇತ್ತೇನೋ ಅನ್ನಿಸುತ್ತದೆ. ಹೊರಗೆ ಹೋದವರ ದಾರಿಯನ್ನು ಮಣ್ಣು ಹೇಳುತ್ತದೆ.

ಪಡುವಣಗಾಳಿ:

ಮೂಲನಿವಾಸಿಗಳೇ ಹೇಳಿದ್ದು, ಬರೆದದ್ದು ಏನಾದರೂ ಉಳಿದಿದೆಯೇ? ಎಲ್ಲ ಪಾದ್ರಿಗಳ ಕೈಬರಹವೇ ಆದರೆ ಓದಿದ್ದು ಅರ್ಧವೇ ಆಯಿತಲ್ಲ.

ಕಡತಕಾರ:

ಉಳಿದಿದೆ. ಸ್ವಲ್ಪವೇ, ಆದರೆ ಬೆಲೆ ಕಟ್ಟಲಾಗದ್ದು.

ಪಾಬ್ಲೊ ತಾಕ್ ಎಂಬ ಲೂಯಿಸೆನ್ಯೊ ಬುಡಕಟ್ಟಿನ ಹುಡುಗ 1822ರ ಸುಮಾರಿಗೆ ಸ್ಯಾನ್ ಲೂಯಿಸ್ ರೇ ಮಿಷನ್ನಿನಲ್ಲಿ ಹುಟ್ಟಿದವನು. ಅಲ್ಲಿನ ಪಾದ್ರಿ ಮರಳುವಾಗ ಜೊತೆಗೆ ಕರೆದೊಯ್ದ; ಹುಡುಗ ರೋಮ್‌ನಲ್ಲಿ ಓದುತ್ತಾ 1841ರಲ್ಲಿ ಅಲ್ಲೇ ತೀರಿಕೊಂಡ. ಇಪ್ಪತ್ತು ದಾಟುವುದರೊಳಗೆ ತನ್ನ ನುಡಿಯ ವ್ಯಾಕರಣ, ನಿಘಂಟಿನ ಒಂದು ಭಾಗ, ತನ್ನ ಜನ ಮಿಷನ್ನಿನಲ್ಲಿ ಬದುಕಿದ ಬಗೆಯ ಬರಹ ಬಿಟ್ಟುಹೋದ. ಹಸ್ತಪ್ರತಿ ಇಟಲಿಯ ಬೊಲೋನ್ಯಾದಲ್ಲಿದೆ. ಲಿಸ್ಬೆತ್ ಹಾಸ್ 2011ರಲ್ಲಿ ಮೂಲಪಾಠ, ಅನುವಾದ ಎರಡನ್ನೂ ಸೇರಿಸಿ ಪ್ರಕಟಿಸಿದ್ದಾರೆ. ಹಳೆಯ ಅನುವಾದಗಳಲ್ಲಿ ಅವನ ನುಡಿಯ ಭಾಗ ಬಿಟ್ಟುಹೋಗಿತ್ತು, ಆದ್ದರಿಂದ ಹಾಸ್ ಅವರದನ್ನೇ ಕೊಳ್ಳಿ. ಮಕ್ಕಳಿಗೆ ಓದಿ ಹೇಳಲು ಇದಕ್ಕಿಂತ ಒಳ್ಳೆಯದು ಸಿಗದು. ಚೆಂಡಾಟ, ಕುಣಿತ, ಮನೆಯ ಊಟ ಎಲ್ಲ ಇದೆ.

ಎರಡನೆಯದು ಲೊರೆಂಜೊ ಅಸಿಸಾರಾ. ಸಾಂತಾ ಕ್ರೂಸ್‌ನಲ್ಲಿ 1812ರಲ್ಲಿ ಆಂದ್ರೆಸ್ ಕಿಂತಾನಾ ಎಂಬ ಪಾದ್ರಿಯನ್ನು ಅಲ್ಲಿನ ಜನ ಕೊಂದರು. ಅದು ಯಾಕೆ, ಹೇಗೆ ಆಯಿತೆಂದು ತನ್ನ ತಂದೆಯಿಂದ ಕೇಳಿದ್ದನ್ನು ಅಸಿಸಾರಾ 1877ರಲ್ಲಿ ಹೇಳಿ ಬರೆಸಿದ. ತುದಿಗೆ ತಂತಿ ಕಟ್ಟಿದ ಹೊಸ ಚಾವಟಿಯ ಮಾತು ಅದರಲ್ಲಿ ಬರುತ್ತದೆ. ಕವ್ವಿಯಾ-ಲೂಯಿಸೆನ್ಯೊ ಮೂಲದ ಇತಿಹಾಸಕಾರ ಎಡ್ವರ್ಡ್ ಕಾಸ್ಟಿಯೊ 1989ರಲ್ಲಿ ಅದನ್ನು ಅನುವಾದಿಸಿ ಪ್ರಕಟಿಸಿದರು. ಘಟನೆಗೂ ಹೇಳಿಕೆಗೂ 65 ವರ್ಷದ ಅಂತರವಿದೆ, ಬರೆದುಕೊಂಡವನು ಬ್ಯಾಂಕ್ರಾಫ್ಟ್ ಕಳಿಸಿದ ಗುಮಾಸ್ತ. ಇಷ್ಟು ನೆನಪಿಟ್ಟುಕೊಂಡೇ ಓದಬೇಕು.

ಮೂರನೆಯದು ತೊಯ್‌ಪುರಿನಾ. 1785ರಲ್ಲಿ ಸ್ಯಾನ್ ಗಾಬ್ರಿಯೆಲ್ ಮಿಷನ್ನಿನ ವಿರುದ್ಧ ನಡೆದ ದಂಗೆಯಲ್ಲಿ ಸಿಕ್ಕಿಬಿದ್ದ ಹೆಂಗಸು. ಇವಳ ವಿಷಯದಲ್ಲಿ ಒಂದು ಕೆಟ್ಟ ಅನುವಾದ ದಶಕಗಟ್ಟಲೆ ಓಡಾಡಿತು. 1958ರ ಒಂದು ಲೇಖನ ವಿಚಾರಣೆಯ ಕಡತಕ್ಕೆ ಬಣ್ಣ ಕಟ್ಟಿ, ಅವಳನ್ನು ಹಸಿರು ಕಣ್ಣಿನ ಮಾಟಗಾತಿಯನ್ನಾಗಿ ಮಾಡಿತು. ಆಮೇಲಿನವರು ಅದನ್ನೇ ಎತ್ತಿಕೊಂಡು ಬರೆದರು. ಹ್ಯಾಕೆಲ್ 2003ರಲ್ಲಿ ಮೂಲ ಕಡತಕ್ಕೆ ಮರಳಿದರು. ಅಲ್ಲಿ ಅವಳ ಮಾತು ನೇರ: ಪಾದ್ರಿಗಳು, ಸೈನಿಕರು ತನ್ನ ನೆಲದಲ್ಲಿ ಬಂದು ಕೂತಿದ್ದಾರೆ ಎಂಬ ಸಿಟ್ಟು. ದಂಗೆಯ ಇನ್ನೊಬ್ಬ ಮುಂದಾಳು ನಿಕೊಲಾಸ್ ಹೊಸೆ, ದೀಕ್ಷಾಸ್ನಾನವಾಗಿ ಹತ್ತು ವರ್ಷ ಕಳೆದವನು. ತಮ್ಮ ಹಳೆಯ ಕುಣಿತಗಳನ್ನು ನಿಲ್ಲಿಸಿದ್ದು ಅವನ ದೂರು. ತೊಯ್‌ಪುರಿನಾ ಬಗ್ಗೆ ಯಾವ ಪುಸ್ತಕ ಸಿಕ್ಕರೂ ಮೊದಲು ಇದನ್ನು ನೋಡಿ: ಅದು 2003ಕ್ಕಿಂತ ಹಿಂದಿನದೋ, ಮುಂದಿನದೋ?

ಇವುಗಳ ಜೊತೆ ಡೆಬೊರಾ ಮಿರಾಂಡಾ ಅವರ ‘ಬ್ಯಾಡ್ ಇಂಡಿಯನ್ಸ್’ (2013). ಅವರು ಎಸ್ಸೆಲೆನ್, ಚುಮಾಶ್ ಮನೆತನದವರು. ಮಿಷನ್ನಿನ ಕಾಗದ, ಮನೆಯ ಮಾತು, ಕವಿತೆ ಎಲ್ಲವನ್ನೂ ಕೂಡಿಸಿ ಬರೆದಿದ್ದಾರೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಇದು ಚಿಕ್ಕದೆಂದು ಕೊನೆಗಲ್ಲ. ಉಳಿದವನ್ನು ಓದಿದ ಮೇಲೆ ಇದರ ಒಂದೊಂದು ಪುಟವೂ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಗೊತ್ತಾಗುತ್ತದೆ.

ಮೋಡಿಲಿಪಿ:

ಮೂಲ ದಾಖಲೆ ಕೇಳಿದ್ದೀರಿ. ಸ್ಯಾನ್ ಮರಿನೊದ ಹಂಟಿಂಗ್ಟನ್ ಗ್ರಂಥಾಲಯ 2006ರಲ್ಲಿ ತೆರೆದ ‘ಅರ್ಲಿ ಕ್ಯಾಲಿಫೋರ್ನಿಯಾ ಪಾಪ್ಯುಲೇಷನ್ ಪ್ರಾಜೆಕ್ಟ್’ ಎಂಬ ದತ್ತಸಂಚಯದಿಂದ ಹೊರಡಿ. 1769ರಿಂದ 1850ರವರೆಗಿನ ಸುಮಾರು 1,01,000 ದೀಕ್ಷಾಸ್ನಾನ, 28,000 ಮದುವೆ, 71,000 ಸಮಾಧಿ ನಮೂದುಗಳು ಅದರಲ್ಲಿವೆ.

ಕೆಲಸ ಮಾಡುವ ಬಗೆ ಹೀಗೆ. ಒಂದು ಮಿಷನ್ ಆರಿಸಿ. ದೀಕ್ಷಾಸ್ನಾನದ ಭಾಗದಲ್ಲಿ ಹಳ್ಳಿಯ ಹೆಸರಿನಿಂದ ಹುಡುಕಿ. ಪ್ರತಿ ನಮೂದಿಗೂ ಆ ಮಿಷನ್ನಿನೊಳಗೆ ಒಂದು ಕ್ರಮಸಂಖ್ಯೆ ಇರುತ್ತದೆ. ಪಾದ್ರಿ ಅದನ್ನು ಪುಟದ ಅಂಚಿನಲ್ಲಿ ಬರೆದಿರುತ್ತಾನೆ. ಒಬ್ಬ ಮನುಷ್ಯನ ಗುರುತಿನ ಚೀಟಿ ಎಂದರೆ ಆ ಸಂಖ್ಯೆಯೇ, ಹೆಸರಲ್ಲ. ಹೆಸರು ಹಿಡಿದು ಹೋದರೆ ಒಂದೇ ಮಿಷನ್ನಿನಲ್ಲಿ ನೂರು ಮರಿಯಾ, ನೂರು ಹೊಸೆ ಸಿಗುತ್ತಾರೆ. ಸಂಖ್ಯೆ ಬರೆದಿಟ್ಟುಕೊಂಡು ಮದುವೆ, ಸಮಾಧಿ ಭಾಗಗಳಲ್ಲಿ ಅದೇ ಸಂಖ್ಯೆ ಹಾಕಿ. ಸಿಕ್ಕಿದರೆ ಹುಟ್ಟು, ಮದುವೆ, ಸಾವು ಮೂರೂ ಒಂದು ಸಾಲಿಗೆ ಬರುತ್ತವೆ.

ತಪ್ಪಾಗುವುದು ಎಲ್ಲೆಲ್ಲಿ? ಒಂದು, ಮನುಷ್ಯ ಬೇರೆ ಮಿಷನ್ನಿನಲ್ಲಿ ಸತ್ತಿದ್ದರೆ ಸಮಾಧಿಯ ನಮೂದು ಅಲ್ಲಿರುತ್ತದೆ. ಬರೀ ಸಂಖ್ಯೆ ಹಾಕಿದರೆ ಆ ಮಿಷನ್ನಿನ ಅದೇ ಸಂಖ್ಯೆಯ ಬೇರೆ ಯಾರೋ ಬಂದು ಕೂರುತ್ತಾರೆ. ಸಂಖ್ಯೆಯ ಜೊತೆ ದೀಕ್ಷಾಸ್ನಾನವಾದ ಮಿಷನ್ನಿನ ಹೆಸರನ್ನು ಯಾವತ್ತೂ ಸೇರಿಸಿ. ಎರಡು, ಹಳ್ಳಿಯ ಹೆಸರನ್ನು ಒಬ್ಬೊಬ್ಬ ಪಾದ್ರಿ ಒಂದೊಂದು ರೀತಿ ಬರೆದಿದ್ದಾನೆ. ಸ್ಪ್ಯಾನಿಷ್‌ನಲ್ಲಿ ‘ಹ’ ಸದ್ದನ್ನು ಜೆ, ಜಿ, ಎಕ್ಸ್ ಮೂರರಿಂದಲೂ ಬರೆಯುತ್ತಿದ್ದರು. ಮೂರನ್ನೂ ಹಾಕಿ ನೋಡಬೇಕು. ಮೂರು, ಓಡಿಹೋದವರ ಸಾವು ಬಹಳ ತಡವಾಗಿ ದಾಖಲಾಗುತ್ತದೆ ಅಥವಾ ಆಗುವುದೇ ಇಲ್ಲ. ಸಮಾಧಿಯ ನಮೂದು ಸಿಗಲಿಲ್ಲವೆಂದರೆ ಬದುಕಿದ್ದ ಎಂದು ಲೆಕ್ಕ ಹಾಕಬಾರದು.

ನಾಲ್ಕನೆಯದು ದೊಡ್ಡದು. ಸ್ಯಾನ್ ಡಿಯೆಗೊ ಮಿಷನ್ನಿನ ಮೊದಲ ಪುಸ್ತಕಗಳು 1775ರ ನವೆಂಬರ್‌ನ ಅಲ್ಲಿನ ಮೂಲನಿವಾಸಿಗಳಾದ ಕುಮೆಯಾಯ್ ಜನರ ದಾಳಿಯಲ್ಲಿ ಸುಟ್ಟುಹೋದವು. ಆಮೇಲೆ ನೆನಪಿನಿಂದ, ಬದುಕಿದ್ದವರನ್ನು ಕೇಳಿ ಮತ್ತೆ ಬರೆದರು. ಆ ಮೊದಲ ಆರು ವರ್ಷದ ಸಾವಿನ ಲೆಕ್ಕ ನಂಬುವಂತಿಲ್ಲ.

ಪಡುವಣಗಾಳಿ:

ಮೂಲ ಪುಟದ ಚಿತ್ರವನ್ನೇ ಓದಬೇಕಾದರೆ ಸ್ಪ್ಯಾನಿಷ್ ಎಷ್ಟು ಬೇಕು?

ಮೋಡಿಲಿಪಿ:

ಒಂದು ನೂರು ಪದ ಸಾಕು, ಯಾಕೆಂದರೆ ನಮೂದಿನ ಅಚ್ಚು ಬದಲಾಗುವುದಿಲ್ಲ: ತಾರೀಖು, ಪಾದ್ರಿ, ವಯಸ್ಸು, ಹಳ್ಳಿ, ತಂದೆ ತಾಯಿ, ಹೊಸ ಹೆಸರು, ಹೊಣೆ ನಿಂತವರು, ಸಹಿ. ತೊಂದರೆ ಕೊಡುವುದು ಸಂಕ್ಷೇಪಗಳು. ತಿಂಗಳುಗಳಲ್ಲಿ ಎಡವದವರೇ ಇಲ್ಲ. ‘7’ ಬರೆದು ಮುಂದೆ ‘ಬ್ರೇ’ ಎಂದಿದ್ದರೆ ಅದು ಏಳನೇ ತಿಂಗಳಲ್ಲ; ಸ್ಪ್ಯಾನಿಷ್‌ನಲ್ಲಿ ಏಳು ಎಂದರೆ ‘ಸಿಯೆತೆ’, ಆದ್ದರಿಂದ ‘ಸೆಪ್ತಿಯೆಂಬ್ರೇ’, ಅಂದರೆ ಸೆಪ್ಟೆಂಬರ್. ‘8ಬ್ರೇ’ ಅಕ್ಟೋಬರ್, ‘9ಬ್ರೇ’ ನವೆಂಬರ್. ಎಕ್ಸ್ ಅಕ್ಷರದ ಮುಂದೆ ‘ಬ್ರೇ’ ಇದ್ದರೆ ರೋಮನ್ ಹತ್ತು, ಅಂದರೆ ಡಿಸೆಂಬರ್. ಈ ಒಂದು ತಪ್ಪಿನಿಂದ ಸಾಂಕ್ರಾಮಿಕ ರೋಗದ ಇಡೀ ಋತುವೇ ಎರಡು ತಿಂಗಳು ಹಿಂದೆ ಸರಿದುಬಿಡುತ್ತದೆ.

ಪದಗಳಲ್ಲಿ ‘ಹೆಂತೀಲ್’ ಎಂದರೆ ದೀಕ್ಷಾಸ್ನಾನವಾಗದವರು, ‘ನಿಯೋಫಿತೊ’ ಎಂದರೆ ಆದವರು, ‘ರಂಚೆರಿಯಾ’ ಎಂದರೆ ಮೂಲನಿವಾಸಿಗಳ ಹಳ್ಳಿ. ‘ಪಾರ್ವುಲೊ’ ಮಗು, ಸುಮಾರು ಒಂಬತ್ತು ವರ್ಷದೊಳಗಿನದು. ಅದಕ್ಕಿಂತ ಮೇಲಿನವರು ‘ಅದುಲ್ತೊ’. ಇದನ್ನು ಇವತ್ತಿನ ಅರ್ಥದಲ್ಲಿ ವಯಸ್ಕರು ಎಂದು ಎಣಿಸಿದರೆ ಹತ್ತು ಹನ್ನೆರಡು ವರ್ಷದ ಮಕ್ಕಳೆಲ್ಲ ದೊಡ್ಡವರ ಲೆಕ್ಕಕ್ಕೆ ಸೇರಿ, ಮಕ್ಕಳ ಸಾವು ಕಡಿಮೆ ಕಾಣುತ್ತದೆ.

ಗಡಿಸೀಮೆ:

ವಾರ್ಷಿಕ ವರದಿಗಳನ್ನು ನೋಡುವವರಿಗೆ ಅಳತೆಯ ಬಗ್ಗೆ ಒಂದು ಮಾತು. ಬೆಳೆಯ ಲೆಕ್ಕ ‘ಫನೇಗ’ದಲ್ಲಿರುತ್ತದೆ, ಅದು ತೂಕವಲ್ಲ, ನಮ್ಮ ಕೊಳಗ, ಖಂಡುಗದ ಹಾಗೆ ತುಂಬಿ ಅಳೆಯುವ ಅಳತೆ. ಸ್ಪೇನಿನ ಕಾಸ್ಟೀಲ್ ಫನೇಗ ಸುಮಾರು 55 ಲೀಟರ್, ಮೆಕ್ಸಿಕೊದ್ದು ಸುಮಾರು 90. ಯಾವ ಲೇಖಕರು ಯಾವುದನ್ನು ಹಿಡಿದರು ಎಂದು ನೋಡದೆ ಎರಡು ಪುಸ್ತಕದ ಗೋಧಿಯ ಅಂಕಿಗಳನ್ನು ಹೋಲಿಸಬೇಡಿ. ‘ಅರೋಬ’ ತೂಕ, 11.5 ಕಿಲೋ. ‘ವಾರಾ’ ಉದ್ದ, ಸುಮಾರು 84 ಸೆಂಟಿಮೀಟರ್. ‘ಲೆಗುವ’ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಆದರೆ ದಿನಚರಿಗಳಲ್ಲಿ ಅದು ಕುದುರೆಯ ಮೇಲೆ ಕೂತವನ ಅಂದಾಜು. ಆರ್ಥಿಕ ವಿಷಯಕ್ಕೆ ರಾಬರ್ಟ್ ಆರ್ಚಿಬಾಲ್ಡ್ ಅವರ 1978ರ ಪುಸ್ತಕ, ಅದಕ್ಕೆ ಉತ್ತರದಂತೆ ರಾಬರ್ಟ್ ಜ್ಯಾಕ್ಸನ್ ಮತ್ತು ಎಡ್ವರ್ಡ್ ಕಾಸ್ಟಿಯೊ ಅವರ 1995ರದು.

ನೆಲಬಗೆತ:

ಸಾವಿನ ಅಂಕಿಗಳ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಬಿಟ್ಟರೆ ಈ ಚರಿತ್ರೆಯೇ ಇಲ್ಲ.

ಕಡತಕಾರ:

ನಿಜ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆ ಇಡಬೇಕು. ಸ್ಪೇನಿನವರು ಬರುವ ಮುಂಚೆ ಎಷ್ಟು ಜನರಿದ್ದರು ಎಂಬುದು ಅಂದಾಜು. ಆಲ್ಫ್ರೆಡ್ ಕ್ರೋಬರ್ 1925ರಲ್ಲಿ ಇಡೀ ಕ್ಯಾಲಿಫೋರ್ನಿಯಾಕ್ಕೆ 1,33,000 ಎಂದರು. ಶೆರ್ಬರ್ನ್ ಕುಕ್, ಶರೀರವಿಜ್ಞಾನದಿಂದ ಈ ಕಡೆ ಬಂದವರು, ದಶಕಗಳ ಕೆಲಸದ ನಂತರ 3,10,000ಕ್ಕೆ ಬಂದು ನಿಂತರು. ಆದರೆ ಮಿಷನ್ನಿನ ಒಳಗೆ ಎಷ್ಟು ಜನ ಸತ್ತರು ಎಂಬುದಕ್ಕೆ ಪಾದ್ರಿಗಳ ಕೈಬರಹವೇ ಸಾಕ್ಷಿ. ಬಹುತೇಕ ಮಿಷನ್‌ಗಳಲ್ಲಿ ಹುಟ್ಟಿಗಿಂತ ಸಾವು ಹೆಚ್ಚು. ಹುಟ್ಟಿದ ಕೂಸುಗಳಲ್ಲಿ ಮೂರರಲ್ಲಿ ಒಂದರಷ್ಟು ವರ್ಷ ತುಂಬುವುದರೊಳಗೆ ಹೋಗುತ್ತಿದ್ದವು. ಮಿಷನ್ನಿನ ಜನಸಂಖ್ಯೆ 1820ರ ಸುಮಾರಿಗೆ 21,000ದವರೆಗೆ ಏರಿದ್ದು ಹೊಸ ಹೊಸ ಹಳ್ಳಿಗಳಿಂದ ಜನರನ್ನು ತಂದು ತುಂಬಿದ್ದರಿಂದ. ಒಳಗೆ ಬೆಳೆದದ್ದರಿಂದ ಅಲ್ಲ.

ಕಾರಣಗಳು: ಇಕ್ಕಟ್ಟಾದ ವಾಸ, ಮುಖ್ಯವಾಗಿ ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಬೀಗ ಹಾಕಿ ಕೂಡುತ್ತಿದ್ದ ‘ಮೊಂಹೆರಿಯೊ’ ಎಂಬ ಕೋಣೆ, ಸೈನಿಕರಿಂದ ಹಬ್ಬಿದ ಸಿಫಿಲಿಸ್, ಅಂದರೆ ಪರಂಗಿ ಹುಣ್ಣು, ಅದರಿಂದ ಬಂಜೆತನ, ಗರ್ಭಪಾತ, ಕ್ಷಯ, ಭೇದಿ, 1806ರ ದಡಾರ. ಸಿಫಿಲಿಸ್ ಬಗ್ಗೆ ಜೇಮ್ಸ್ ಸ್ಯಾಂಡೋಸ್ ಅವರ ‘ಕನ್ವರ್ಟಿಂಗ್ ಕ್ಯಾಲಿಫೋರ್ನಿಯಾ’ (2004) ನೋಡಿ. ಸೈನಿಕರ ಅತ್ಯಾಚಾರದ ಬಗ್ಗೆ ಸ್ಯಾನ್ ಡಿಯೆಗೊದ ಪಾದ್ರಿ ಲೂಯಿಸ್ ಹೈಮೆ 1772ರ ಅಕ್ಟೋಬರ್‌ನಲ್ಲಿ ಬರೆದ ಪತ್ರವನ್ನು ಓದಲೇಬೇಕು. ಮೂರು ವರ್ಷದ ನಂತರ, ಮೇಲೆ ಹೇಳಿದ 1775ರ ಕುಮೆಯಾಯ್ ದಾಳಿಯಲ್ಲಿ ಸತ್ತ ಪಾದ್ರಿ ಅವನೇ. ಕುಮೆಯಾಯ್ ಜನ ಯಾಕೆ ಎದ್ದರು ಎಂಬುದಕ್ಕೆ ಕಾರಣವನ್ನು ಮುಂಚಿತವಾಗಿಯೇ ಬರೆದಿಟ್ಟವನೂ ಅವನೇ.

ಇನ್ನೊಂದು ಗೊಂದಲ ಬೇಡ. ಬೆಂಜಮಿನ್ ಮ್ಯಾಡ್ಲಿ ಅವರ ‘ಆ್ಯನ್ ಅಮೆರಿಕನ್ ಜೆನೊಸೈಡ್’ (2016) ಮಿಷನ್ ಕಾಲದ ಪುಸ್ತಕವಲ್ಲ. ಅದು 1846ರಿಂದ 1873ರವರೆಗೆ, ಅಮೆರಿಕನ್ನರ ಆಳ್ವಿಕೆಯಲ್ಲಿ ನಡೆದ ಕೊಲೆಗಳದ್ದು. ಜನಸಂಖ್ಯೆ 1,50,000ದಿಂದ 30,000ಕ್ಕೆ ಇಳಿದದ್ದು ಆ ಕಾಲದಲ್ಲಿ. ಎರಡನ್ನೂ ಕಲಸಿದರೆ ಎರಡು ಬೇರೆ ಆಳ್ವಿಕೆಗಳ ಹೊಣೆಯೂ ಕಲಸಿಹೋಗುತ್ತದೆ.

ಕುಡ್ಲದ ಓದು:

ನಮ್ಮ ಕರಾವಳಿಯ ಪೋರ್ಚುಗೀಸರ ಪದ್ರೊಆದೊ ವ್ಯವಸ್ಥೆಗೂ ಇದಕ್ಕೂ ಸಂಬಂಧ ಉಂಟಾ?

ಗಡಿಸೀಮೆ:

ಇದೆ, ಬೇರಿನಲ್ಲಿ. ಪೋಪ್ ಪೋರ್ಚುಗಲ್ ರಾಜನಿಗೆ ಕೊಟ್ಟ ಹಕ್ಕು ಪದ್ರೊಆದೊ. ಸ್ಪೇನಿನ ರಾಜನಿಗೆ 1508ರಲ್ಲಿ ಕೊಟ್ಟದ್ದು ಪತ್ರೊನಾತೊ. ಬಿಷಪ್ಪರನ್ನು ಹೆಸರಿಸುವುದು, ಪಾದ್ರಿಗಳನ್ನು ಕಳಿಸುವುದು ರಾಜನ ಅಧಿಕಾರ, ಖರ್ಚು ರಾಜನದು. ಆದರೆ ಫಲ ಬೇರೆ. ಕೆನರಾದಲ್ಲಿ ಕ್ರೈಸ್ತರು ತಮ್ಮ ಊರು, ಗದ್ದೆ, ನೆರೆಹೊರೆಯ ನಡುವೆಯೇ ಇದ್ದರು, ನೆಲದ ಅರಸು ಬೇರೆಯವರದು. ರೋಮ್‌ನ ಪ್ರೊಪಗಾಂಡಾ, ಅಂದರೆ ಪೋಪ್ ಕೈಕೆಳಗಿನ ಧರ್ಮಪ್ರಚಾರ ಸಂಸ್ಥೆಯವರೂ ಬಂದು ಪದ್ರೊಆದೊ ಜೊತೆ ಪೈಪೋಟಿ ನಡೆಸಿದರು. ಕ್ಯಾಲಿಫೋರ್ನಿಯಾದಲ್ಲಿ ಜನರನ್ನು ಹಳ್ಳಿಯಿಂದ ಎಬ್ಬಿಸಿ ಒಂದೆಡೆ ಕೂಡಿಸುವುದೇ ವ್ಯವಸ್ಥೆಯ ತಿರುಳು, ದೀಕ್ಷಾಸ್ನಾನವಾದ ಮೇಲೆ ಅಪ್ಪಣೆಯಿಲ್ಲದೆ ಬಿಟ್ಟುಹೋಗುವಂತಿರಲಿಲ್ಲ. ಹೋದರೆ ಸೈನಿಕರು ಹಿಡಿದು ತರುತ್ತಿದ್ದರು.

ಬೇರೆ ಸೀಮೆಗಳನ್ನು ಕೇಳಿದ್ದಿರಿ, ಚುಟುಕಾಗಿ ಹೇಳುತ್ತೇನೆ. ನ್ಯೂ ಮೆಕ್ಸಿಕೊದಲ್ಲಿ 1680ರ ಆಗಸ್ಟ್ 10ರ ಪ್ವೆಬ್ಲೊ ಎಂಬ ಮೂಲನಿವಾಸಿಗಳ ದಂಗೆ ತಿರುಗುಬಿಂದು. 21 ಪಾದ್ರಿಗಳೂ ಸುಮಾರು 400 ಸ್ಪ್ಯಾನಿಷರೂ ಸತ್ತು, ಉಳಿದವರು 12 ವರ್ಷ ಆ ನಾಡಿನಿಂದಲೇ ಹೊರಗಿದ್ದರು. ಆ್ಯಂಡ್ರೂ ನಾಟ್ ಅವರ 1995ರ ಪುಸ್ತಕ ಒಳ್ಳೆಯ ಪ್ರವೇಶ. ರಾಮೊನ್ ಗುತಿಯೆರೆಜ್ ಅವರ ‘ವೆನ್ ಜೀಸಸ್ ಕೇಮ್, ದಿ ಕಾರ್ನ್ ಮದರ್ಸ್ ವೆಂಟ್ ಅವೇ’ (1991) ಬಹುಮಾನ ಪಡೆದದ್ದು, ಆದರೆ ಪ್ವೆಬ್ಲೊ ವಿದ್ವಾಂಸರು 1993ರಲ್ಲಿ ಒಟ್ಟಾಗಿ ಅದನ್ನು ಖಂಡಿಸಿದರು: ಪಾದ್ರಿಗಳ ಮಾತನ್ನೇ ನಂಬಿ ತಮ್ಮ ಹೆಂಗಸರ ಚಿತ್ರ ಬರೆದಿದ್ದಾರೆ ಎಂದು. ಪುಸ್ತಕ ಓದಿದರೆ ಆ ಖಂಡನೆಯನ್ನೂ ಓದಿ. ಟೆಕ್ಸಾಸ್‌ಗೆ ಡೊನಾಲ್ಡ್ ಚಿಪ್‌ಮನ್ ಅವರ ‘ಸ್ಪ್ಯಾನಿಷ್ ಟೆಕ್ಸಾಸ್’ ತಳಪಾಯ. ಅದರ ಮೇಲೆ ಜೂಲಿಯಾನಾ ಬಾರ್ ಅವರ ‘ಪೀಸ್ ಕೇಮ್ ಇನ್ ದಿ ಫಾರ್ಮ್ ಆಫ್ ಎ ವುಮನ್’ (2007). ಅಲ್ಲಿ ಬಲ ಇದ್ದದ್ದು ಮೂಲನಿವಾಸಿಗಳ ಕೈಯಲ್ಲಿ, ಸ್ಪ್ಯಾನಿಷರೇ ಅವರ ನಂಟಿನ ರೀತಿಗೆ ಬಗ್ಗಬೇಕಾಯಿತು ಎನ್ನುತ್ತಾರೆ. ಫ್ಲಾರಿಡಾಕ್ಕೆ ಜಾನ್ ಹ್ಯಾನ್ ಅವರ ‘ಅಪಲಾಚಿ’ (1988).

ಪರಗ್ವೆಗೆ ಬಾರ್ಬರಾ ಗ್ಯಾನ್ಸನ್ (2003), ಜೂಲಿಯಾ ಸರಿಯಲ್ (2014). ಅಲ್ಲಿ ಜೆಸ್ವಿಟ್ ಸಂಘದ ಪಾದ್ರಿಗಳ 30 ಊರುಗಳಲ್ಲಿ 1732ರಲ್ಲಿ 1,41,000 ಗ್ವಾರಾನಿ ಜನರಿದ್ದರು. ಜೆಸ್ವಿಟರನ್ನು ಹೊರಹಾಕಿದ ಮೇಲೆ ಆ ಊರುಗಳ ಲೆಕ್ಕಪುಸ್ತಕಗಳು ಹೇಗೆ ಕುಸಿದವು ಎಂಬುದನ್ನು ಸರಿಯಲ್ ದನದ ಎಣಿಕೆ, ಚಹಾದಂತೆ ಕುದಿಸಿ ಕುಡಿಯುವ ‘ಮಾತೆ’ ಎಂಬ ಎಲೆಯ ವ್ಯಾಪಾರದಿಂದ ಹಿಡಿದು ತೋರಿಸುತ್ತಾರೆ.

ಪಡುವಣಗಾಳಿ:

ಎಲ್ಲರಿಗೂ ನಮಸ್ಕಾರ, ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ. ಕೊನೆಯದಾಗಿ ಒಂದು: ಶಾಲೆಗೆ ಸಕ್ಕರೆ ತುಂಡುಗಳ (ಶುಗರ್ ಕ್ಯೂಬ್) ಮಿಷನ್ ಮಾದರಿ ಮಾಡಿಸುವ ಬದಲು ಏನು ಮಾಡಿಸಬಹುದು?

ನೆಲಬಗೆತ:

ರಾಜ್ಯ 2016ರಲ್ಲಿ ಒಪ್ಪಿದ ಪಠ್ಯ ಚೌಕಟ್ಟೇ ಸಕ್ಕರೆ ತುಂಡು, ಐಸ್‌ಕ್ರೀಂ ಕಡ್ಡಿಯ ಮಾದರಿಗಳಿಂದ ಆ ಕಾಲ ಅರ್ಥವಾಗುವುದಿಲ್ಲ, ಅದು ಅನೇಕರ ಮನಸ್ಸನ್ನು ನೋಯಿಸುತ್ತದೆ ಎಂದು ಹೇಳಿದೆ. ಶಿಕ್ಷಕರಿಗೆ ಅದನ್ನು ತೋರಿಸಬಹುದು.

ಮೋಡಿಲಿಪಿ:

ಫ್ರೀಮಾಂಟ್‌ನವರಿಗೆ ಹೀಗೆ ಮಾಡಿಸಬಹುದು. ಮಿಷನ್ ಸ್ಯಾನ್ ಹೊಸೆಯ ದೀಕ್ಷಾಸ್ನಾನದ ದಾಖಲೆಯಿಂದ ಯಾವುದಾದರೂ ಒಂದು ವರ್ಷದ 20 ಮಕ್ಕಳನ್ನು ಆರಿಸಿ, ಸಮಾಧಿಯ ದಾಖಲೆಯಲ್ಲಿ ಸಂಖ್ಯೆ ಹಿಡಿದು ಹುಡುಕಿಸಿ. ದೊಡ್ಡ ಹಾಳೆಯಲ್ಲಿ ಒಂದೊಂದು ಮಗುವಿಗೆ ಒಂದೊಂದು ಗೆರೆ, ಎಷ್ಟು ವರ್ಷ ಬದುಕಿತೋ ಅಷ್ಟು ಉದ್ದ. ಸಮಾಧಿಯ ನಮೂದು ಸಿಗದ ಮಗುವಿನ ಗೆರೆಯನ್ನು ಚುಕ್ಕಿಗೆರೆ ಮಾಡಿಸಿ, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಹೊಸ ಸ್ಪ್ಯಾನಿಷ್ ಹೆಸರಿನ ಪಕ್ಕ ಹಳ್ಳಿಯ ಹೆಸರನ್ನೂ ಬರೆಸಿ. ದೊಡ್ಡವರು ಜೊತೆಗೆ ಕೂತರೆ ಎರಡು ಸಂಜೆಯ ಕೆಲಸ.

ಕಡತಕಾರ:

ಅದೇ ಮಿಷನ್ನಿನಿಂದ ಎಸ್ತಾನಿಸ್ಲಾವೊನ ಕಥೆಯನ್ನೂ ಸೇರಿಸಿ. ಯೋಕುಟ್ಸ್ ಜನದವನು, ಮಿಷನ್ನಿನ ಅಲ್ಕಾಲ್ದೆ, ಅಂದರೆ ಅಲ್ಲಿನ ಮೂಲನಿವಾಸಿಗಳ ಮುಖಂಡ, ಆಗಿದ್ದವನು. 1828ರಲ್ಲಿ ತನ್ನವರ ಜೊತೆ ನದೀತೀರಕ್ಕೆ ಹೋಗಿ, ಮರಳಿ ಬರುವುದಿಲ್ಲವೆಂದು ಹೇಳಿಕಳಿಸಿದ. ಕಳಿಸಿದ ಸೈನ್ಯವನ್ನು ಹಿಮ್ಮೆಟ್ಟಿಸಿದ. ಸ್ಟ್ಯಾನಿಸ್ಲಾಸ್ ನದಿಗೆ, ಆ ಕೌಂಟಿಗೆ ಇರುವುದು ಅವನ ಹೆಸರೇ. ಮಕ್ಕಳು ಕಾರಿನಲ್ಲಿ ಯೊಸೆಮಿಟಿಗೆ ಹೋಗುವಾಗ ಆ ಹೆಸರಿನ ಫಲಕವನ್ನು ನೋಡಿಯೇ ಇರುತ್ತಾರೆ.

ಮೋಡಿಲಿಪಿ:

ಮೇಲೆ ಹೇಳುವುದು ಬಿಟ್ಟುಹೋಗಿತ್ತು: ಪಾಬ್ಲೊ ತಾಕ್‌ನ ಸ್ಯಾನ್ ಲೂಯಿಸ್ ರೇಯ ದೀಕ್ಷಾಸ್ನಾನದ ಪುಸ್ತಕಗಳು ಕಳೆದುಹೋಗಿವೆ, ಜನಗಣತಿಯ ಪಟ್ಟಿ ಮಾತ್ರ ಉಳಿದಿದೆ. ಅಲ್ಲಿನವರನ್ನು ಹುಡುಕಬೇಕಾದರೆ ಅಕ್ಕಪಕ್ಕದ ಸ್ಯಾನ್ ಡಿಯೆಗೊ, ಸ್ಯಾನ್ ಹ್ವಾನ್ ಕಪಿಸ್ಟ್ರಾನೋ ದಾಖಲೆಗಳಲ್ಲಿ ಅವರ ಹಳ್ಳಿಯ ಹೆಸರು ಹಿಡಿದು ನೋಡಬೇಕು.